ಮಗುವಿಗೆ ಅಮ್ಮ, ಅಜ್ಜಿಗೆ ಸರ್ಪ

ನಮ್ಮ ಸೋದರತ್ತೆಗೆ ಸರ್ಪಸುತ್ತು ಎದ್ದಾಗ ಮನೆಗೆ ಮೊದಲು ಬಂದದ್ದು ವೈದ್ಯರಲ್ಲ, ಕೆಮ್ಮಣ್ಣಿನ ಬಟ್ಟಲು. ಬಲಪಕ್ಕೆಯಲ್ಲಿ ಬೆನ್ನಿನಿಂದ ಹೊಕ್ಕುಳಿನವರೆಗೆ ನೀರುಗುಳ್ಳೆಗಳ ಸಾಲು. ಸೆರಗು ಸೋಕಿದರೂ ಬೆಂಕಿ ತಾಗಿದಂತೆ ಉರಿ. ಸರ್ಪದ ತಲೆ ಬಾಲ ಕೂಡಿಬಿಟ್ಟರೆ ಜೀವ ಉಳಿಯದು ಎಂದು ಎಲ್ಲರಿಗೂ ಭಯ. ಎರಡು ವಾರ ಕಳೆಯಿತು. ಅವರ ಪಕ್ಕದಲ್ಲೇ ಮಲಗುತ್ತಿದ್ದ ಮೊಮ್ಮಗಳಿಗೆ ಜ್ವರ, ಮೈತುಂಬ ಗುಳ್ಳೆ. ಬಾಗಿಲಿಗೆ ಬೇವಿನ ಸೊಪ್ಪು ಕಟ್ಟಿದರು, ಒಗ್ಗರಣೆ ನಿಲ್ಲಿಸಿದರು. ಅಜ್ಜಿಗೆ ನಾಗ, ಮಗುವಿಗೆ ಅಮ್ಮ. ಎರಡಕ್ಕೂ ನಂಟಿದೆ ಎಂದು ನಮಗ್ಯಾರಿಗೂ ಹೊಳೆಯಲಿಲ್ಲ.

ವೈದ್ಯಲೋಕಕ್ಕೂ ಅದು ಬೇಗ ಹೊಳೆದದ್ದಲ್ಲ. ಸರ್ಪಸುತ್ತಿಗೆ ಗ್ರೀಕರು ಇಟ್ಟ ಹೆಸರು ಝೋಸ್ಟರ್, ಅಂದರೆ ನಡುಪಟ್ಟಿ. ಮಕ್ಕಳ ಗುಳ್ಳೆಯನ್ನಂತೂ ಬಹುಕಾಲ ದೊಡ್ಡ ಸಿಡುಬಿನ ಸೌಮ್ಯ ರೂಪವೆಂದೇ ಎಣಿಸುತ್ತಿದ್ದರು. ಅದು ಬೇರೆಯೇ ರೋಗವೆಂದು ಲಂಡನ್ನಿನ ವಿಲಿಯಂ ಹೆಬರ್ಡನ್ 1767ರಲ್ಲಿ ವಿವರಿಸಿದರು.

ಎರಡನ್ನೂ ಮೊದಲು ಒಟ್ಟಿಗೆ ಇಟ್ಟು ನೋಡಿದವರು ಬುಡಾಪೆಸ್ಟಿನ ಮಕ್ಕಳ ವೈದ್ಯ ಯಾನೋಶ್ ಬೋಕಾಯ್. ದೊಡ್ಡವರಿಗೆ ಸರ್ಪಸುತ್ತು ಬಂದ ಮನೆಗಳಲ್ಲಿ ಕೆಲವು ದಿನಗಳ ನಂತರ ಮಕ್ಕಳಿಗೆ ಚಿಕನ್‌ಪಾಕ್ಸ್ ಬರುವುದನ್ನು ಅವರು ಮತ್ತೆ ಮತ್ತೆ ಕಂಡು, 1892ರಲ್ಲಿ ಬರೆದರು. ನಮ್ಮ ಮನೆಯ ನಡುಕೋಣೆಯಲ್ಲಿ ನಡೆದದ್ದೂ ಇದೇ.

ಸರ್ಪಸುತ್ತು ಪಟ್ಟಿಯಂತೆ ಏಳುವುದೇಕೆ ಎಂಬ ಪ್ರಶ್ನೆ ಬೇರೆ ದಾರಿ ಹಿಡಿದಿತ್ತು. 1900ರಲ್ಲಿ ಹೆನ್ರಿ ಹೆಡ್ ಮತ್ತು ಕ್ಯಾಂಪ್‌ಬೆಲ್ ಎಂಬ ವೈದ್ಯರು ಇಪ್ಪತ್ತೊಂದು ಶವಗಳನ್ನು ಪರೀಕ್ಷಿಸಿ, ರೋಗದ ನೆಲೆ ಬೆನ್ನುಹುರಿಯ ಪಕ್ಕದ ನರಗಂಟುಗಳಲ್ಲಿದೆ ಎಂದು ತೋರಿಸಿದರು. ಒಂದೊಂದು ಗಂಟಿನಿಂದ ಹೊರಟ ನರ ಮೈಯ ಒಂದು ಮಗ್ಗುಲಿನ ಒಂದು ಪಟ್ಟಿಗೆ ಮಾತ್ರ ಹರಡಿ, ನಡುಗೆರೆಗೆ ಬಂದು ನಿಲ್ಲುತ್ತದೆ. ಸರ್ಪದ ತಲೆ ಬಾಲ ಕೂಡದಿರುವುದಕ್ಕೆ ಕಾರಣ ಇದು. ಅತ್ತೆಗೆ ಆ ರಾತ್ರಿಗಳಲ್ಲಿ ಈ ಒಂದು ಮಾತನ್ನು ಯಾರಾದರೂ ಹೇಳಿದ್ದರೆ ಅರ್ಧ ಭಯ ಕಳೆಯುತ್ತಿತ್ತು.

1920ರ ದಶಕದಲ್ಲಿ ವಿಯೆನ್ನಾದ ಕುಂಡ್ರಾಟಿಟ್ಸ್ ಸರ್ಪಸುತ್ತಿನ ಗುಳ್ಳೆಯ ನೀರನ್ನು ಮಕ್ಕಳ ಮೈಗೆ ಚುಚ್ಚಿದರು. ಚಿಕನ್‌ಪಾಕ್ಸ್‌ನಂಥ ಗುಳ್ಳೆಗಳೇ ಎದ್ದವು. ಪುರಾವೆ ದೊಡ್ಡದು, ಆದರೆ ಮಕ್ಕಳ ಮೇಲೆ ಮಾಡಿದ ಈ ಪ್ರಯೋಗ ಓದುವಾಗ ಮನಸ್ಸಿಗೆ ಕಸಿವಿಸಿಯಾಗುತ್ತದೆ. 1950ರ ದಶಕದಲ್ಲಿ ಅಮೆರಿಕದ ಥಾಮಸ್ ವೆಲ್ಲರ್ ಎರಡೂ ರೋಗಗಳ ಗುಳ್ಳೆಗಳಿಂದ ವೈರಸ್ ಬೆಳೆಸಿ, ಒಂದೇ ಎಂದು ತೋರಿಸಿದರು.

ಒಂದೇ ವೈರಸ್ ಸರಿ. ಆದರೆ ಅಜ್ಜಿಗೆ ಬಂದದ್ದೆಲ್ಲಿಂದ? ಇದಕ್ಕೆ ಉತ್ತರ ಕೊಟ್ಟವರು ಇಂಗ್ಲೆಂಡಿನ ಸೈರನ್‌ಸೆಸ್ಟರ್ ಪಟ್ಟಣದ ಕುಟುಂಬ ವೈದ್ಯ ಎಡ್ಗರ್ ಹೋಪ್-ಸಿಂಪ್ಸನ್. ನನಗೆ ಈ ಇಡೀ ಕಥೆಯಲ್ಲಿ ಅತ್ಯಂತ ಗೌರವ ಅವರ ಮೇಲೆ. ಅವರ ವೈದ್ಯಕೀಯದ ವ್ಯಾಪ್ತಿಯಲ್ಲಿದ್ದದ್ದು ಮೂರೂವರೆ ಸಾವಿರದಷ್ಟು ಜನ. ಹದಿನಾರು ವರ್ಷ ಬಂದ ಪ್ರತಿಯೊಂದು ಸರ್ಪಸುತ್ತನ್ನೂ ಬರೆದಿಟ್ಟರು, ಒಟ್ಟು 192. ಸ್ಕಾಟ್ಲೆಂಡಿನ ಉತ್ತರಕ್ಕಿರುವ ಯೆಲ್ ಎಂಬ ಪುಟ್ಟ ದ್ವೀಪಕ್ಕೂ ಹೋಗಿ ವಿಚಾರಿಸಿದರು. ಅಷ್ಟು ಕಡಿಮೆ ಜನರಿರುವಲ್ಲಿ ಎಲ್ಲ ಮಕ್ಕಳಿಗೂ ಬಂದು ಹೋದ ಮೇಲೆ ದಡಾರದಂಥ ರೋಗ ಬೇರಿಲ್ಲದೆ ಅಳಿಯುತ್ತದೆ. ಚಿಕನ್‌ಪಾಕ್ಸ್ ಹಾಗಲ್ಲ, ವೃದ್ಧರ ಮೈಯಲ್ಲಿ ದಶಕಗಟ್ಟಲೆ ಅಡಗಿದ್ದು ಸರ್ಪಸುತ್ತಾಗಿ ಎದ್ದು ಹೊಸ ಮಕ್ಕಳನ್ನು ಮುಟ್ಟುತ್ತದೆ. ಬಾಲ್ಯದಲ್ಲಿ ಬಂದ ವೈರಸ್ ನರಗಂಟಿನಲ್ಲಿ ಮಲಗಿರುತ್ತದೆ, ವಯಸ್ಸಾಗಿ ರೋಗನಿರೋಧಕ ಶಕ್ತಿ ತಗ್ಗಿದಾಗ ಏಳುತ್ತದೆ ಎಂದು 1965ರಲ್ಲಿ ಅವರು ಮಂಡಿಸಿದರು. ಪ್ರಯೋಗಾಲಯ ಇದನ್ನು ಖಚಿತಪಡಿಸಿದ್ದು 1980ರ ದಶಕದಲ್ಲಿ, ಮೃತರ ನರಗಂಟುಗಳಲ್ಲಿ ವೈರಸ್ಸಿನ ಡಿಎನ್‌ಎ ಸಿಕ್ಕಾಗ.

ಅವರು ಇನ್ನೊಂದು ಮಾತೂ ಹೇಳಿದ್ದರು: ಮಕ್ಕಳ ಚಿಕನ್‌ಪಾಕ್ಸ್ ಆಗಾಗ ಸೋಕುತ್ತಿದ್ದರೆ ಹಿರಿಯರ ರಕ್ಷಣೆ ಚುರುಕಾಗಿ ಉಳಿಯುತ್ತದೆ. ಮಕ್ಕಳಿಗೆಲ್ಲ ಲಸಿಕೆ ಹಾಕಿದರೆ ಸರ್ಪಸುತ್ತು ಹೆಚ್ಚೀತೆಂಬ ಅಂಜಿಕೆ ಹುಟ್ಟಿದ್ದು ಇಲ್ಲಿಂದ. ಲಸಿಕೆ ಬಂದದ್ದು ಅವರ ಮಾತಿನ ನಂತರ. ತಮ್ಮ ಪುಟ್ಟ ಮಗ ಚಿಕನ್‌ಪಾಕ್ಸ್‌ನಿಂದ ನರಳಿದ್ದನ್ನು ಕಂಡ ಜಪಾನಿನ ಮಿಚಿಯಾಕಿ ತಕಹಾಶಿ 1974ರಲ್ಲಿ ಓಕಾ ತಳಿಯ ಲಸಿಕೆ ಸಿದ್ಧಪಡಿಸಿದರು. 1995ರಲ್ಲಿ ಅಮೆರಿಕ ಅದನ್ನು ಒಪ್ಪಿತು. ಬ್ರಿಟನ್ ಆ ಅಂಜಿಕೆಯಿಂದ ಹಿಂಜರಿಯಿತು. ಅಮೆರಿಕದ ದೀರ್ಘ ಅನುಭವದಲ್ಲಿ ಆ ಭಯ ನಿಜವಾಗದ ಮೇಲೆ, 2023ರಲ್ಲಿ ಬ್ರಿಟನ್ನಿನ ಲಸಿಕಾ ಸಮಿತಿಯೂ ಎಲ್ಲ ಮಕ್ಕಳಿಗೆ ಕೊಡಿ ಎಂದಿತು.

ಹಿರಿಯರಿಗೆಂದೇ ಬಂದ ಮೊದಲ ಲಸಿಕೆ, 2006ರದ್ದು, ಅದೇ ಓಕಾ ತಳಿಯ ಹೆಚ್ಚು ಪ್ರಬಲ ರೂಪ. ಅರವತ್ತು ದಾಟಿದವರಲ್ಲಿ ಸರ್ಪಸುತ್ತನ್ನು ಅರ್ಧದಷ್ಟು ತಗ್ಗಿಸಿತು. 2017ರಲ್ಲಿ ಬಂದ ಶಿಂಗ್ರಿಕ್ಸ್‌ನಲ್ಲಿ ಜೀವಂತ ವೈರಸ್ ಇಲ್ಲ, ಅದರ ಒಂದು ಪ್ರೋಟೀನ್ ಮಾತ್ರ. ಐವತ್ತು ದಾಟಿದವರ ಮೇಲಿನ ಪರೀಕ್ಷೆಯಲ್ಲಿ ಅದರ ರಕ್ಷಣೆ ಶೇ. 97. 2023ರಿಂದ ಭಾರತದಲ್ಲೂ ಸಿಗುತ್ತದೆ. ಆದರೆ ಎರಡು ಡೋಸಿನ ಬೆಲೆ ಸಾಮಾನ್ಯರ ಮನೆಗೆ ಭಾರ.

ಲಸಿಕೆ ಹಾಕಿಸಿಕೊಳ್ಳದವರಿಗೆ ಅಸೈಕ್ಲೊವಿರ್‌ನಂಥ ಮಾತ್ರೆಗಳಿವೆ. ಗುಳ್ಳೆ ಎದ್ದ 72 ಗಂಟೆಯೊಳಗೆ ಶುರು ಮಾಡಿದರೆ ಅವುಗಳ ಫಲ ಹೆಚ್ಚು. ನಮ್ಮ ಮನೆಯಲ್ಲಿ ಆ ಮೂರು ದಿನ ಕೆಮ್ಮಣ್ಣು ಕಲಸುವುದರಲ್ಲೇ ಕಳೆದವು. ಮೊಮ್ಮಗಳ ಗುಳ್ಳೆ ಹತ್ತು ದಿನದಲ್ಲಿ ಒಣಗಿತು, ಬೇವಿನ ನೀರು ಎರೆದರು, ಅವಳು ಶಾಲೆಗೆ ಹೋದಳು. ಅತ್ತೆಯ ಗುಳ್ಳೆಯೂ ಮಾಯಿತು. ನರದ ನೋವು ಹೋಗಲಿಲ್ಲ. ಮೂರು ವರ್ಷವಾದರೂ ಬೆಳಿಗ್ಗೆ ಒಳಲಂಗದ ಲಾಡಿ ಕಟ್ಟುವಾಗ ಬಲಪಕ್ಕೆಯ ಮೇಲೆ ಎರಡು ಬೆರಳು ಅಡ್ಡ ಇಟ್ಟುಕೊಂಡು, ಗಂಟು ಬಿಗಿಯಾಗದಂತೆ ಕಟ್ಟಿಕೊಳ್ಳುತ್ತಾರೆ.