ಬೆಟ್ಟದ ಗೋಡೆಯೊಳಗಣ ಸಂಸ್ಥಾನ

ಬಳ್ಳಾರಿ ಸೀಮೆ ಎಂದೊಡನೆ ಹೊರಗಿನವರ ಕಣ್ಣ ಮುಂದೆ ನಿಲ್ಲುವುದು ಬಿಸಿಲು, ಎರೆಯ ಬಯಲು, ನಡುನಡುವೆ ತಲೆಯೆತ್ತಿದ ಬೋಳುಗುಡ್ಡ. ಆ ಚಿತ್ರ ಸುಳ್ಳಲ್ಲ. ಸಿರುಗುಪ್ಪದ ಕಡೆಗೆ ಹೊರಟರೆ ತುಂಗಭದ್ರೆಯನ್ನೂ ಹಗರಿಯನ್ನೂ ನೆಚ್ಚಿದ ಸಮನೆಲ. ಕುರುಗೋಡಿನಲ್ಲಿ ಸಿಂದ ಅರಸರ ನೆನಪನ್ನು ಹೊತ್ತ ಬಂಡೆಗಲ್ಲಿನ ಬೆಟ್ಟ. ಬಳ್ಳಾರಿ ನಗರದಲ್ಲಂತೂ ಇಡಿಯಾಗಿ ಒಂದೇ ಬಂಡೆಯೆಂಬಂತೆ ಕಾಣುವ ಕೋಟೆಗುಡ್ಡ. 2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾದ ಮೇಲೆ ಬಳ್ಳಾರಿ ಜಿಲ್ಲೆಗೆ ಉಳಿದದ್ದು ಐದು ತಾಲ್ಲೂಕು. ಅವುಗಳಲ್ಲಿ ಬಳ್ಳಾರಿ, ಸಿರುಗುಪ್ಪ, ಕುರುಗೋಡು, ಕಂಪ್ಲಿ ಈ ನಾಲ್ಕೂ ಬಯಲಿನ ಮಕ್ಕಳು. ಐದನೆಯದಾದ ಸಂಡೂರು ಮಾತ್ರ ಬೆಟ್ಟದ ಕೂಸು. 1949ರವರೆಗೆ ಅದು ನಮ್ಮ ಜಿಲ್ಲೆಗೆ ಸೇರಿಯೇ ಇರಲಿಲ್ಲ. ಸುತ್ತಲೂ ಮದರಾಸು ಪ್ರಾಂತದ ಆಡಳಿತ. ನಡುವೆ ಸುಮಾರು 160 ಚದರ ಮೈಲಿಯ ನೆಲ. ಅದಕ್ಕೊಬ್ಬ ಮರಾಠಾ ದೊರೆ, ಕನ್ನಡ ಪ್ರಜೆ. 1901ರ ಜನಗಣತಿಯಲ್ಲಿ ಆ ಪ್ರಜೆಗಳ ಸಂಖ್ಯೆ ಹನ್ನೊಂದು ಸಾವಿರದ ಆಸುಪಾಸು, ಇಂದಿನ ಒಂದು ದೊಡ್ಡ ಹೋಬಳಿಯಷ್ಟೂ ಇಲ್ಲ.

ಇಷ್ಟು ಪುಟ್ಟ ಸಂಸ್ಥಾನವೊಂದು ಹೈದರನನ್ನು, ಪೇಶ್ವೆಯನ್ನು, ಕಂಪನಿ ಸರಕಾರವನ್ನು ದಾಟಿ ಎರಡು ಶತಮಾನಕ್ಕೂ ಮೀರಿ ಉಳಿದುಬಂದದ್ದು ಹೇಗೆ? ನಮ್ಮ ಇತಿಹಾಸ ಗ್ರಂಥಗಳು ಸಂಡೂರನ್ನು ಗುತ್ತಿಯ ಕಥೆಗೆ ಒಂದು ಅಡಿಟಿಪ್ಪಣಿಯಂತೆ ಕಂಡು ಮುಂದೆ ಸಾಗುತ್ತವೆ. ಉತ್ತರವನ್ನು ಅರಸರ ವಂಶಾವಳಿಯಲ್ಲಿ ಹುಡುಕುವುದಕ್ಕೆ ಮೊದಲು ನೆಲದ ಮೇಲೆ ಹುಡುಕಬೇಕು ಎಂದು ನನಗೆ ತೋರುತ್ತದೆ.

ವಾಯವ್ಯದಿಂದ ಆಗ್ನೇಯಕ್ಕೆ ಹೆಚ್ಚುಕಡಿಮೆ ಸಮಾನಾಂತರವಾಗಿ ಹರಿದ ಎರಡು ಬೆಟ್ಟಸಾಲುಗಳನ್ನು ಕಲ್ಪಿಸಿಕೊಳ್ಳಿ. ತುದಿಗಳಲ್ಲಿ ಅವು ಒಂದನ್ನೊಂದು ಸಮೀಪಿಸುತ್ತವೆ. ನಡುವೆ ಉದ್ದನೆಯ ಕಣಿವೆ. ಬಯಲಿನ ಬೋಳುಗುಡ್ಡಗಳಿಗೂ ಇವಕ್ಕೂ ಯಾವ ನಂಟೂ ಇಲ್ಲ. ಭೂವಿಜ್ಞಾನಿಗಳು ಧಾರವಾಡ ಶಿಲಾವರ್ಗವೆಂದು ಕರೆಯುವ ಅತಿ ಪುರಾತನ ಪದರಗಳು ಇಲ್ಲಿ ಮಡಿಸಿಕೊಂಡು ನಿಂತಿವೆ. ಕಬ್ಬಿಣ ಮತ್ತು ಮ್ಯಾಂಗನೀಸ್ ಅದಿರು ಆ ಪದರಗಳ ಸೊತ್ತು. ಬಳ್ಳಾರಿ ಜಿಲ್ಲೆಯ ಭೂರಚನೆಯನ್ನು ಕುರಿತು 1895ರಲ್ಲಿ ಗ್ರಂಥ ಪ್ರಕಟಿಸಿದ ರಾಬರ್ಟ್ ಬ್ರೂಸ್ ಫೂಟ್ ಈ ಸಾಲುಗಳನ್ನು ವಿವರವಾಗಿ ಪರಿಶೀಲಿಸಿದ್ದ. ಆದರೆ ಅವನಿಗಿಂತ ಎಷ್ಟೋ ಮುಂಚೆ, ಕುಮಾರಸ್ವಾಮಿಯ ಬೆಟ್ಟಕ್ಕೆ ‘ಲೋಹಾಚಲ’ ಎಂದು ಹೆಸರಿಟ್ಟವರಿಗೆ ವಿಷಯ ತಿಳಿದಿದ್ದಿರಬೇಕು.

ಈ ಗೋಡೆಗೆ ಬಾಗಿಲುಗಳು ಕೆಲವೇ. ಪಡುವಣ ಸಾಲನ್ನು ಸೀಳಿ ನಾರಿಹಳ್ಳ ಒಳಕ್ಕೆ ಬರುವ ಇಕ್ಕಟ್ಟು ಓಬಳಗಂಡಿ. ಕಣಿವೆಯ ನೀರನ್ನೆಲ್ಲ ಕೂಡಿಸಿಕೊಂಡು ಅದು ಮೂಡಣ ಸಾಲನ್ನು ಸೀಳಿ ಹೊರಬೀಳುವ ಇಕ್ಕಟ್ಟು ಭೀಮಗಂಡಿ. ಇವಲ್ಲದೆ ಎತ್ತಿನಹಟ್ಟಿಯ ದಾರಿ. ಗಂಡಿ ಎಂಬ ಮಾತು ಇಲ್ಲಿ ಎಷ್ಟು ಸಹಜವಾಗಿ ಒಪ್ಪುತ್ತದೆಂಬುದನ್ನು ಆ ಕೆಂಪು-ನೇರಳೆ ಬಣ್ಣದ ಕಡಿದಾದ ಬಂಡೆಗಳ ನಡುವೆ ನಿಂತವರೇ ಬಲ್ಲರು. ಇವಿಷ್ಟನ್ನು ಕಾಯ್ದುಕೊಂಡರೆ ರಾಜ್ಯವನ್ನು ಕಾಯ್ದಂತೆ.

ಈ ಕಣಿವೆ ಮೊದಲು ಬೇಡ ಪಾಳೆಯಗಾರರ ಕೈಯಲ್ಲಿತ್ತು. 1728ರಲ್ಲಿ ಸಿದ್ದೋಜಿರಾವ್ ಘೋರ್ಪಡೆ ಅದನ್ನು ಅವರಿಂದ ಕಸಿದುಕೊಂಡ. ಘೋರ್ಪಡೆ ಎಂಬ ಮನೆತನದ ಹೆಸರು ಬಂದದ್ದು ಉಡದಿಂದ. ಕೋಟೆಯ ಗೋಡೆಗೆ ಉಡವನ್ನು ಹತ್ತಿಸಿ, ಅದಕ್ಕೆ ಕಟ್ಟಿದ ಹಗ್ಗ ಹಿಡಿದು ಮೇಲೇರಿದ ಪೂರ್ವಜನ ಕಥೆಯನ್ನು ಹೇಳುತ್ತಾರೆ. ಕಥೆ ನಿಜವೋ ಅಲ್ಲವೋ, ಬೆಟ್ಟವನ್ನು ಬಿಗಿಯಾಗಿ ಅವಚಿಕೊಂಡು ಬದುಕಿದ ವಂಶಕ್ಕೆ ಈ ಹೆಸರು ಚೆನ್ನಾಗಿಯೇ ಒಪ್ಪಿತು. ಸಿದ್ದೋಜಿ 1731ರಲ್ಲಿ ತೀರಿಕೊಂಡ ಮೇಲೆ ಬಂದವನು ಅವನ ಮಗ ಮುರಾರಿರಾವ್. ದಕ್ಷಿಣ ಭಾರತದ ಹದಿನೆಂಟನೆಯ ಶತಮಾನವನ್ನು ಓದಿದವರಿಗೆಲ್ಲ ಪರಿಚಿತ ಹೆಸರು ಇದು. 1741ರಲ್ಲಿ ಮರಾಠರು ತಿರುಚಿನಾಪಳ್ಳಿಯನ್ನು ಗೆದ್ದಾಗ ಆ ಕೋಟೆ ಇವನ ವಶಕ್ಕೆ ಬಂತು. 1751ರಲ್ಲಿ ಆರ್ಕಾಟಿನಲ್ಲಿ ಮುತ್ತಿಗೆಗೆ ಸಿಕ್ಕಿದ್ದ ಕ್ಲೈವನ ನೆರವಿಗೆ ಹೊರಟದ್ದು ಇವನ ಸೈನ್ಯ. ಗುತ್ತಿಯನ್ನು ನೆಲೆ ಮಾಡಿಕೊಂಡು ಮೆರೆದ ಈ ಸರದಾರನನ್ನು ಕೊನೆಗೆ ಸೋಲಿಸಿದ್ದು ನೀರು. 1776ರಲ್ಲಿ ಹೈದರಾಲಿ ಗುತ್ತಿಯನ್ನು ಮುತ್ತಿದಾಗ ಕೋಟೆಯೊಳಗಣ ನೀರು ಬತ್ತಿತು. ಮುರಾರಿರಾಯ ಸೆರೆಯಾಳಾಗಿ ಕಬ್ಬಾಳದುರ್ಗ ಸೇರಿ ಅಲ್ಲಿಯೇ ಪ್ರಾಣ ಬಿಟ್ಟ. ಸಂಡೂರು ಹೈದರನದಾಯಿತು. ಪಕ್ಕದ ಕೃಷ್ಣಾನಗರದಲ್ಲಿ ಹೈದರ್ ಆರಂಭಿಸಿದ ಕೋಟೆಯನ್ನು ಟಿಪ್ಪು ಪೂರ್ತಿಗೊಳಿಸಿದ. 1790ರಲ್ಲಿ ಮುರಾರಿರಾಯನ ಮನೆತನದವರು ಕಣಿವೆಯನ್ನು ಮರಳಿ ಪಡೆದರು. ಗುತ್ತಿ ಮಾತ್ರ ಮತ್ತೆ ಅವರಿಗೆ ದಕ್ಕಲಿಲ್ಲ.

ಮುಂದಿನ ಪ್ರಸಂಗ ನನಗೆ ಬಹಳ ಪ್ರಿಯವಾದುದು. 1800ರಲ್ಲಿ ನಿಜಾಮ ಬಳ್ಳಾರಿ ಸೀಮೆಯನ್ನು ಕಂಪನಿಗೆ ಒಪ್ಪಿಸಿದ್ದ. ಸಂಡೂರಿನಲ್ಲಿ ಶಿವರಾವ್ ಎಂಬವನು ಆಳುತ್ತಿದ್ದ. ಪುಣೆಯ ಪೇಶ್ವೆ ಎರಡನೆಯ ಬಾಜೀರಾಯನಿಗೆ ಈ ನೆಲ ತನ್ನದೆಂಬ ಹಟ. ನೇರವಾಗಿ ದಂಡೆತ್ತಿ ಬಾರದೆ 1815ರಲ್ಲಿ ಕುಮಾರಸ್ವಾಮಿಯ ದರ್ಶನಕ್ಕೆಂದು ಯಾತ್ರೆ ಹೊರಟ. ಯಾತ್ರಿಕನ ಬೆನ್ನಿಗೆ ಸೈನ್ಯ! ಶಿವರಾವ್ ಮರಗಳನ್ನು ಕಡಿಸಿ ದಾರಿಗಳಿಗೆ ಅಡ್ಡ ಕೆಡವಿಸಿದ. ಪೇಶ್ವೆಯವರು ಕೆಲವೇ ಪರಿವಾರದೊಡನೆ ದೇವರನ್ನು ಕಾಣಬಹುದು, ದಂಡಿಗೆ ಪ್ರವೇಶವಿಲ್ಲ ಎಂದು ಹೇಳಿಕಳಿಸಿದ. ಪೇಶ್ವೆ ಬಂದ ದಾರಿಗೆ ಸುಂಕವಿಲ್ಲದೆ ಹಿಂದಿರುಗಬೇಕಾಯಿತು. ಶಿವರಾಯನಿಗಿದ್ದ ಸೇನೆ ಹೇಳಿಕೊಳ್ಳುವಂಥದ್ದಲ್ಲ, ಇದ್ದದ್ದು ಗಂಡಿಗಳು. ಅಲ್ಲಿಗೂ ಬಿಡದ ಬಾಜೀರಾಯ ಕಂಪನಿಯ ಮೇಲೆ ಒತ್ತಡ ತಂದ. 1817ರಲ್ಲಿ ತಾಮಸ್ ಮನ್ರೋ ಸಂಡೂರಿನ ಮುಂದೆ ನಿಂತಾಗ ಶಿವರಾವ್ ಕಾದಾಡದೆ ಒಪ್ಪಿಸಿದ. ಮರುವರ್ಷವೇ ಪೇಶ್ವೆಯ ಗಾದಿ ಮಣ್ಣುಪಾಲಾಯಿತು. ಮನ್ರೋ ತಾನೇ ಶಿಫಾರಸು ಮಾಡಿ ಶಿವರಾಯನಿಗೆ ರಾಜ್ಯವನ್ನು ಮರಳಿ ಕೊಡಿಸಿದ; 1826ರಲ್ಲಿ ಸನದು ದೊರೆಯಿತು. ಪೇಶ್ವೆಯ ದೊಡ್ಡ ರಾಜ್ಯ ಹೋಗಿ ಸಂಡೂರಿನ ಚಿಕ್ಕ ರಾಜ್ಯ ಉಳಿದ ಈ ವಿಚಿತ್ರಕ್ಕೆ ಒಂದು ನಾಟಕವಾದರೂ ಹುಟ್ಟಬೇಕಾಗಿತ್ತು.

ಆಮೇಲಿನ ನೂರು ವರ್ಷಗಳನ್ನು ಬೇಗ ದಾಟಬಹುದು. ಬಳ್ಳಾರಿಯ ಕಲೆಕ್ಟರನೇ ಸಂಸ್ಥಾನದ ಮೇಲೆ ಕಣ್ಣಿಡುವ ಪೊಲಿಟಿಕಲ್ ಏಜೆಂಟ್. 1846ರಲ್ಲಿ ಪಡುವಣ ಸಾಲಿನ ಮೇಲೆ, 3,200 ಅಡಿಗೂ ಮಿಗಿಲಾದ ಎತ್ತರದ ರಾಮನದುರ್ಗದಲ್ಲಿ, ಬಳ್ಳಾರಿಯ ದಂಡಿನಲ್ಲಿ ಬೆಂದ ಗೋರಾ ಸಿಪಾಯಿಗಳಿಗೆ ಆರೋಗ್ಯಧಾಮವಾಯಿತು. 1876ರಲ್ಲಿ ದೊರೆಗೆ ರಾಜನೆಂಬ ಬಿರುದು ಬಂತು. 1882ರಲ್ಲಿ ಕಾಡಿನ ದೊಡ್ಡ ಭಾಗವನ್ನು ಮದರಾಸು ಸರಕಾರಕ್ಕೆ ಗುತ್ತಿಗೆ ಕೊಟ್ಟರು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ಮ್ಯಾಂಗನೀಸ್ ಅದಿರು ಹೊರಗೆ ಹೊರಟಿತು. ಗೋಡೆಯ ಕಲ್ಲಿಗೇ ಬೆಲೆ ಬಂದ ಕಾಲ ಅದು.

ಕೊನೆಯ ದೊರೆ ಯಶವಂತರಾವ್ ಘೋರ್ಪಡೆ 1928ರಲ್ಲಿ ಪಟ್ಟಕ್ಕೆ ಬಂದರು. 1932ರಲ್ಲಿ ಅವರು ಕುಮಾರಸ್ವಾಮಿಯ ಗುಡಿಯನ್ನು ಹರಿಜನರಿಗೆ ತೆರೆದರು. ಈ ದೇವರ ಕಥೆ ನಮ್ಮ ಕಡೆಯವರಿಗೆ ಗೊತ್ತಿರುವುದೇ: ತಾಯಿ ಪಾರ್ವತಿಯೊಡನೆ ಮುನಿಸಿಕೊಂಡ ಮಗ, ಕುಡಿದ ಎದೆಹಾಲನ್ನೇ ಕಕ್ಕಿದನಂತೆ, ಬೆಟ್ಟದಲ್ಲಿ ಸಿಗುವ ಬಿಳಿಯ ವಿಭೂತಿಮಣ್ಣು ಅದೇ ಅಂತೆ. ತಾಯಿಯ ಗುಡಿಯೂ ಅಲ್ಲಿಯೇ ಇದೆ. ಚಾಲುಕ್ಯರ ಕಾಲದ ಅದರ ಕಲ್ಲುಕೆಲಸ ನೋಡತಕ್ಕದ್ದು. ಸಾವಿರ ವರ್ಷಕ್ಕೂ ಹಿಂದಿನಿಂದ ಯಾತ್ರಿಕರು ಹತ್ತಿದ ಆ ಬೆಟ್ಟವನ್ನು, ಅದರ ಬುಡದಲ್ಲಿಯೇ ಬಾಳುವ ಜನ ಹೊರಗೆ ನಿಂತು ನೋಡಬೇಕಾಗಿತ್ತು. ಗುಡಿಗಳ ಬಾಗಿಲು ತೆರೆದ ಮಾತು ಬಂದಾಗ ನಾವು 1936ರ ತಿರುವಾಂಕೂರಿನ ಘೋಷಣೆಯನ್ನು ನೆನೆಯುತ್ತೇವೆ; ಅದಕ್ಕೆ ನಾಲ್ಕು ವರ್ಷ ಮೊದಲು ನಮ್ಮದೇ ನೆರೆಯಲ್ಲಿ ನಡೆದುದನ್ನು ಪಠ್ಯಪುಸ್ತಕದವರು ಮರೆತಿದ್ದಾರೆ. 1934ರಲ್ಲಿ ಗಾಂಧೀಜಿ ಸಂಡೂರಿಗೆ ಬಂದರು. ಸಂಡೂರನ್ನು ಸೆಪ್ಟೆಂಬರಿನಲ್ಲಿ ನೋಡಬೇಕೆಂದು ಅವರು ಹೇಳಿದರೆಂಬ ಮಾತು ಇಂದಿಗೂ ಜನರ ಬಾಯಲ್ಲಿದೆ. ಮಳೆಗಾಲದ ಕೊನೆಯಲ್ಲಿ ಆ ಹಸಿರನ್ನು ಕಂಡವರು ಈ ಮಾತಿಗೆ ಸಾಕ್ಷಿ ಕೇಳುವುದಿಲ್ಲ.

ದೊರೆಯ ಔದಾರ್ಯವನ್ನು ಹೇಳಿ ಉಳಿದುದನ್ನು ಮುಚ್ಚಿಡುವುದು ಇತಿಹಾಸಕಾರನ ಕೆಲಸವಲ್ಲ. 1949ರ ಏಪ್ರಿಲಿನಲ್ಲಿ ಸಂಸ್ಥಾನ ಮದರಾಸಿಗೆ ಸೇರಿತು. 1953ರ ಅಕ್ಟೋಬರ್ 1ರಂದು ಆದವಾನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋಗಿ, ಬಳ್ಳಾರಿ, ಸಿರುಗುಪ್ಪಗಳೊಡನೆ ಸಂಡೂರೂ ಮೈಸೂರಿಗೆ ಬಂತು. ರಾಜ್ಯ ಹೋದರೂ ಜಮೀನಿನ ಪ್ರಶ್ನೆ ಹೋಗಿರಲಿಲ್ಲ. 1973ರಲ್ಲಿ ಇಲ್ಲಿನ ಗೇಣಿ ರೈತರು ಉಳುವ ನೆಲಕ್ಕಾಗಿ ಸತ್ಯಾಗ್ರಹ ಹೂಡಿದರು. ಯಶವಂತರಾಯರ ಮಗ ಎಂ. ವೈ. ಘೋರ್ಪಡೆಯವರು, ಕಾಡುಮೃಗಗಳ ಛಾಯಾಚಿತ್ರಕಾರರೆಂದೂ ಹೆಸರಾದವರು, ಆಗ ರಾಜ್ಯದ ಹಣಕಾಸು ಸಚಿವರು. ಗುಡಿಯ ಬಾಗಿಲು ತೆರೆದದ್ದು ಅಪ್ಪಣೆಯಿಂದ. ಹೊಲದ ಬಾಗಿಲು ತೆರೆಯಲು ಜನ ತಾವೇ ಬೀದಿಗಿಳಿಯಬೇಕಾಯಿತು.

ಅಷ್ಟರಲ್ಲಿ ಬೆಟ್ಟವೇ ಕರಗತೊಡಗಿತ್ತು. 1954ರಲ್ಲಿ ಸಂಡೂರು ಮ್ಯಾಂಗನೀಸ್ ಕಂಪನಿ ಸ್ಥಾಪನೆಯಾಯಿತು. 1970ರ ದಶಕದಲ್ಲಿ ದೋಣಿಮಲೆಯ ಸರಕಾರಿ ಗಣಿ ಕೆಲಸ ಆರಂಭಿಸಿತು. ಆ ಹಂತದವರೆಗೆ ಗಣಿಗೂ ಊರಿಗೂ ಒಂದು ಬಗೆಯ ಹೊಂದಾಣಿಕೆಯಿತ್ತು. ಇಪ್ಪತ್ತೊಂದನೆಯ ಶತಮಾನ ಹುಟ್ಟುತ್ತಲೇ ಚೀನಾದ ಬೇಡಿಕೆಯಿಂದ ಅದಿರಿನ ಬೆಲೆ ಏರಿತು. ಗಡಿಕಲ್ಲುಗಳು ಮಾಯವಾದವು, ಗುತ್ತಿಗೆಯ ಎಲ್ಲೆ ಮೀರಿ ಅಗೆತ ನಡೆಯಿತು. ಒಂದು ಕಾಲಕ್ಕೆ ಪೇಶ್ವೆಯ ದಂಡನ್ನು ತಡೆದ ಕಣಿವೆಯಲ್ಲಿ ಲಾರಿಗಳ ಸಾಲು ಹಗಲಿರುಳೂ ನಿಲ್ಲಲಿಲ್ಲ. ಜೋಳದ ಪೈರು ಕೆಂಪಾಯಿತು, ಮರದ ಎಲೆ ಕೆಂಪಾಯಿತು, ಮಕ್ಕಳು ಶಾಲೆಯಿಂದ ಕೆಂಪಾಗಿ ಮನೆಗೆ ಬಂದರು. 2011ರ ಜುಲೈನಲ್ಲಿ ಲೋಕಾಯುಕ್ತ ಸಂತೋಷ ಹೆಗ್ಡೆಯವರ ವರದಿ ಹೊರಬಿದ್ದಿತು. ಅದೇ ತಿಂಗಳು ಸರ್ವೋಚ್ಚ ನ್ಯಾಯಾಲಯ ಬಳ್ಳಾರಿ ಜಿಲ್ಲೆಯ ಗಣಿಗಾರಿಕೆಯನ್ನು ನಿಲ್ಲಿಸಿತು. ಮರುವರ್ಷದಿಂದ ಗಣಿಗಳನ್ನು ಅವುಗಳ ತಪ್ಪಿಗನುಗುಣವಾಗಿ ಮೂರು ವರ್ಗ ಮಾಡಿ, ವರ್ಷದ ಉತ್ಪಾದನೆಗೆ ಮಿತಿ ಹಾಕಿ, ಹಂತಹಂತವಾಗಿ ಮತ್ತೆ ಅನುಮತಿ ದೊರೆಯಿತು. ಆ ಮಿತಿಯೂ ಆಮೇಲೆ ಏರಿದೆ.

ಗಣಿಯಿಂದ ಅನ್ನ ಕಂಡ ಮನೆಗಳು ಸಂಡೂರಿನಲ್ಲಿ ಸಾವಿರಾರಿವೆ. ಅದಿರನ್ನು ಮುಟ್ಟಲೇಬಾರದು ಎಂದು ಬಳ್ಳಾರಿಯಲ್ಲಿ ಕುಳಿತು ಹೇಳುವುದು ಸುಲಭ. ಆದರೆ ಈ ಸಾಲುಗಳು ಬರಿಯ ಅದಿರಿನ ರಾಶಿಯಲ್ಲ, ನಾರಿಹಳ್ಳದ ತಲೆನೆಲೆಯೂ ಹೌದು. ತಾರಾನಗರದ ಬಳಿ ಆ ಹಳ್ಳಕ್ಕೆ ಜಲಾಶಯ ಕಟ್ಟಿದ್ದಾರೆ. ಅಲ್ಲಿಂದ ಹೊರಟ ನೀರು ಬಯಲಿಗಿಳಿದು ದರೋಜಿ ಕೆರೆಗೆ, ಕೆರೆಯಿಂದ ತುಂಗಭದ್ರೆಗೆ ಹೋಗುತ್ತದೆ. ತುಂಗಭದ್ರೆ ಮುಂದೆ ಸಿರುಗುಪ್ಪದ ಗದ್ದೆಗಳ ಪಕ್ಕದಲ್ಲಿ ಸಾಗುತ್ತದೆ. ಮಳೆ ಹಿಡಿದ ದಿನ ಭೀಮಗಂಡಿಯ ಹತ್ತಿರ ನಿಂತು ನೋಡಿದರೆ, ಅಂದು ಮೇಲೆ ಎಷ್ಟು ಬೆಟ್ಟ ಅಗೆದಿದ್ದಾರೆಂಬುದನ್ನು ನೀರಿನ ಬಣ್ಣವೇ ಹೇಳುತ್ತದೆ.