ಇರುಳಿನ ಬೇಟೆಯ ದೀಪಗಳು

ಬೇಟೆಯ ಗ್ರಂಥಗಳಲ್ಲಿ ಬಂದೂಕಿನ ವಿಚಾರವಾಗಿ ಪುಟಗಟ್ಟಲೆ ಬರೆದಿದ್ದಾರೆ; ದೀಪದ ವಿಚಾರವಾಗಿ ಬರೆದಿರುವುದು ಬಹು ಸ್ವಲ್ಪ. ಆದರೆ ಸಂಜೆ ಹಾರಿಸಿದ ಗುಂಡು ಮೃಗವನ್ನು ಕೊಲ್ಲದೆ ಬರಿಯ ಗಾಯಗೊಳಿಸಿದಾಗ, ಬೇಟೆಗಾರನ ಮುಂದಿನ ಹೆಜ್ಜೆಯನ್ನು ನಿರ್ಣಯಿಸುತ್ತಿದ್ದುದು ದೀಪವೇ. ನೊಂದ ಮೃಗವನ್ನು ಹಾಗೆಯೇ ಬಿಟ್ಟು ಬರುವುದು ಬೇಟೆಯ ಧರ್ಮಕ್ಕೆ ವಿರೋಧ. ಅದು ಚಿರತೆಯಾಗಿದ್ದರೆ ಮರುದಿನ ಸೌದೆಗೆ ಹೋಗುವವರ ಪ್ರಾಣಕ್ಕೂ ಅಪಾಯ.

ಪಂಜು, ಕಂದೀಲುಗಳ ಬೆಳಕು ಸುತ್ತಲೂ ಚೆಲ್ಲುತ್ತದೆ. ಹಿಡಿದವನ ಕಣ್ಣನ್ನೇ ಮೊದಲು ಕೋರೈಸುತ್ತದೆ. ಮೃಗಕ್ಕೆ ಮನುಷ್ಯನು ಕಾಣುವನಲ್ಲದೆ ಮನುಷ್ಯನಿಗೆ ಮೃಗವು ಕಾಣದು. 1890ರ ದಶಕದ ತರುವಾಯ ಕಾರ್ಬೈಡ್ ದೀಪಗಳು ಬಳಕೆಗೆ ಬಂದುವು. ಕಾರ್ಬೈಡಿನ ಮೇಲೆ ನೀರು ತೊಟ್ಟಿಕ್ಕಿದಾಗ ಹುಟ್ಟುವ ಅನಿಲವು ಬೆಳ್ಳಗೆ ಉರಿಯುತ್ತದೆ. ನೆತ್ತರನ್ನು ಹುಡುಕುವವನಿಗೆ ಈ ಬಿಳುಪು ಅಲ್ಪ ಸಂಗತಿಯಲ್ಲ.

ಏಕೆಂದರೆ ಮಸುಕು ಬೆಳಕಿನಲ್ಲಿ ನಮ್ಮ ಕಣ್ಣಿಗೆ ಎಲ್ಲಕ್ಕಿಂತ ಮೊದಲು ಕಪ್ಪಾಗುವ ಬಣ್ಣ ಕೆಂಪು. 19ನೆಯ ಶತಮಾನದ ಆರಂಭದಲ್ಲಿ ಬೊಹೀಮಿಯದ ವಿದ್ವಾಂಸ ಪುರ್ಕಿನ್ಯೆ ಇದನ್ನು ಗುರುತಿಸಿದನು. ಸಂಜೆಯ ತೋಟದಲ್ಲಿ ಕೆಂಪು ದಾಸವಾಳವನ್ನು ನೋಡಿದವರೆಲ್ಲರೂ ಇದನ್ನು ಬಲ್ಲರು! ಮಂದವಾದ ಕಂದೀಲಿಗೆ ತರಗೆಲೆಯ ಮೇಲಿನ ನೆತ್ತರೂ ನೆರಳೂ ಒಂದೇ. ಮೃಗವು ಬೆದರದಿರಲೆಂದು ದೀಪಕ್ಕೆ ಕೆಂಪು ಗಾಜನ್ನು ಹಾಕುವುದುಂಟು. ಅದು ಕಾದು ಕುಳಿತವನಿಗೆ ಸರಿ. ಜಾಡು ಹಿಡಿಯುವವನಿಗೆ ಅದೇ ಗಾಜು ಶತ್ರು. ಕೆಂಬೆಳಕಿನಲ್ಲಿ ಕಂದು ಎಲೆಯ ಮೇಲಿನ ರಕ್ತವು ಕಣ್ಣಿಗೆ ತಪ್ಪಿಹೋಗುತ್ತದೆ. ಹೆಜ್ಜೆಗುರುತಿಗಾದರೋ ಬಣ್ಣ ಬೇಕಿಲ್ಲ. ದೀಪವನ್ನು ನೆಲದ ಸಮೀಪದಲ್ಲಿ ಓರೆಯಾಗಿ ಹಿಡಿದರೆ ನೆರಳೇ ಗೊರಸನ್ನು ಬರೆದು ತೋರಿಸುತ್ತದೆ.

ಕೈಯಲ್ಲಿ ಹಿಡಿಯುವ ವಿದ್ಯುತ್ ಟಾರ್ಚಿಗೆ ಅಮೆರಿಕದಲ್ಲಿ 1899ರಲ್ಲಿ ಹಕ್ಕುಪತ್ರ ದೊರೆಯಿತು. ಆಗಿನ ಬ್ಯಾಟರಿಗಳಿಂದ ಬಹಳ ಹೊತ್ತು ಉರಿಸಲಾಗದೆ, ಮಿಂಚಿನಂತೆ ಹೊಳೆಯಿಸಿ ಆರಿಸಬೇಕಾಗುತ್ತಿತ್ತು. ಇದರ ಚಂಚಲತೆಯನ್ನು ಜಿಮ್ ಕಾರ್ಬೆಟ್ಟನಷ್ಟು ಅನುಭವಿಸಿ ಬರೆದವರು ವಿರಳ. ಗಢವಾಲದ ರುದ್ರಪ್ರಯಾಗದ ಚಿರತೆಯು 1918ರಿಂದ 1926ರ ವರೆಗೆ 125 ಜನರನ್ನು ಕೊಂದಿತ್ತೆಂದು ಸರ್ಕಾರದ ಲೆಕ್ಕ. ಒಮ್ಮೆ ಕಾರ್ಬೆಟ್ಟನೂ ಅಧಿಕಾರಿ ಇಬ್ಬಟ್ಸನ್ನನೂ ಪೆಟ್ರೋಲ್ ದೀಪದೊಡನೆ ಬೆಟ್ಟದ ಹಾದಿಯಲ್ಲಿ ಬರುತ್ತಿರುವಾಗ, ದೀಪವು ಬಂಡೆಗೆ ತಗುಲಿ ಅದರ ಮ್ಯಾಂಟಲ್ ಪುಡಿಯಾಯಿತು. ಉಜ್ವಲ ದೀಪವು ಎಷ್ಟು ನಾಜೂಕು ನೋಡಿ! ಕೊನೆಗೆ 1926ರ ಮೇ ತಿಂಗಳ ಮೊದಲಲ್ಲಿ, ಗುಲಾಬ್‌ರಾಯ್‌ಯ ಮಾವಿನ ಮರದ ಮೇಲೆ ಕುಳಿತಿದ್ದ ಕಾರ್ಬೆಟ್ಟನು ಟಾರ್ಚನ್ನು ಒತ್ತಿದನು. ಅದು ಒಮ್ಮೆ ಮಂಕಾಗಿ ಮಿನುಗಿ ಆರಿತು. ಆ ಒಂದು ಕ್ಷಣದಲ್ಲೇ ಗುಂಡು ಹಾರಿತ್ತು. ತಿಂಗಳುಗಟ್ಟಲೆ ಹೊತ್ತು ತಿರುಗಿದ್ದ ಟಾರ್ಚದು; ಬ್ಯಾಟರಿಯನ್ನು ಪರೀಕ್ಷಿಸಬೇಕೆಂಬುದೇ ಆತನಿಗೆ ತಿಳಿದಿರಲಿಲ್ಲ. ಗುಂಡು ತಗುಲಿತೋ ಇಲ್ಲವೋ ತಿಳಿಯದೆ ಕತ್ತಲೆಯಲ್ಲಿ ಕುಳಿತಿದ್ದು, ಬೆಳಗಾದ ಮೇಲೆ ರಕ್ತದ ಜಾಡನ್ನು ಹಿಡಿದು ಹೋದನು. ಚಿರತೆಯು ಸ್ವಲ್ಪ ದೂರದಲ್ಲಿಯೇ ಸತ್ತು ಬಿದ್ದಿತ್ತು. ದೀಪವು ಉರಿಯುತ್ತಿದ್ದರೆ ಆತನು ಆ ರಾತ್ರಿಯೇ ಇಳಿಯುತ್ತಿದ್ದನೋ ಏನೋ.

ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಶಾಸನದ ತರುವಾಯ ಮೋಜಿನ ಬೇಟೆ ನಿಂತಿತು. ಈಗ ನೊಂದ ಚಿರತೆಯನ್ನು ಅರಸಿ ಹೋಗುವವರು ಅರಣ್ಯ ಇಲಾಖೆಯವರು, ಪಶುವೈದ್ಯರು. ಅವರ ಕೈಯಲ್ಲಿರುವ ಎಲ್‌ಇಡಿ ದೀಪವು ಕಾರ್ಬೆಟ್ಟನ ಟಾರ್ಚಿಗಿಂತ ಬಹು ದೂರ ಬೆಳಗುತ್ತದೆ. ಆದರೆ ಪೊದೆಯೊಳಗಿನ ಚಿರತೆಗೆ ಅದನ್ನು ಹಿಡಿದವನೂ ಅಷ್ಟೇ ದೂರದಿಂದ ತಿಳಿಯುತ್ತಾನೆ.