ಗೌಟ್ ಡಾಕ್ಟರೂ ಸೈಬೀರಿಯನ್ ಐರಿಸೂ

ಅಮೆರಿಕದ ಈ ಈಶಾನ್ಯ ಮೂಲೆಯಲ್ಲಿ ಜೂನ್ ಬಂತೆಂದರೆ ಸೈಬೀರಿಯನ್ ಐರಿಸ್ ಅರಳುವ ಕಾಲ. ಹುಲ್ಲಿನಂಥ ಎಲೆ, ತೆಳ್ಳನೆ ದಂಟು, ಅದರ ತುದಿಗೆ ನೀಲಿ ಚಿಟ್ಟೆ ಕೂತ ಹಾಗೆ ಹೂವು. ಚಳಿಗಾಲವಿಡೀ ಹಿಮದಡಿ ಸತ್ತಂತೆ ಬಿದ್ದಿದ್ದು, ವರ್ಷಾವರ್ಷ ಅದೇ ಬುಡದಿಂದ ಚಿಗುರುತ್ತೆ.

ಹೆಸರು ಕೇಳಿ ಇದು ಸೈಬೀರಿಯಾದ್ದು ಅಂದ್ಕೊಂಡರೆ ಅರ್ಧ ಮಾತ್ರ ನಿಜ. 1753ರಲ್ಲಿ ಲಿನೇಯಸ್ ಐರಿಸ್ ಸಿಬಿರಿಕಾ ಅಂತ ಹೆಸರಿಟ್ಟ ಗಿಡ ಮಧ್ಯ ಯುರೋಪಿನ ಹಸಿ ಹುಲ್ಲುಗಾವಲುಗಳಲ್ಲೂ ಇದೆ. ಅದರ ದಾಯಾದಿ ಐರಿಸ್ ಸ್ಯಾಂಗ್ವೀನಿಯಾ ಜಪಾನ್, ಕೊರಿಯಾ ಕಡೆಯದು. ಇವೆರಡರ ಬೆರಕೆಯಿಂದಲೇ ತೋಟದ ತಳಿಗಳು ಹುಟ್ಟಿದ್ದು. ಇಂಗ್ಲೆಂಡಿನಲ್ಲಿ ಏಮಸ್ ಪೆರ್ರಿ, ಕೆನಡಾದಲ್ಲಿ ಕ್ಲೀವ್‌ಲ್ಯಾಂಡ್ ಮಾರ್ಗನ್ ಬಹಳ ದುಡಿದರು. ಆದರೂ ಬಣ್ಣ ಹೆಚ್ಚಾಗಿ ನೀಲಿ, ನೇರಳೆ, ಬಿಳಿ, ಕೊಂಚ ಕೆಂಪು... ಅಷ್ಟೇ.

ಆಮೇಲೆ ಬಂದವರು ಡಾ. ಕರಿಯರ್ ಮೆಕ್‌ಈವನ್. ಹೆಸರಿನಲ್ಲಿ 'ಕರಿಯರ್' ಕಂಡು ನಗಬೇಡಿ, ಮನುಷ್ಯ ದೊಡ್ಡವರು! 1937ರಿಂದ 1955ರವರೆಗೆ ನ್ಯೂಯಾರ್ಕ್ ಯೂನಿವರ್ಸಿಟಿಯ ವೈದ್ಯಕೀಯ ಕಾಲೇಜಿಗೆ ಡೀನ್, ಕೀಲುನೋವಿನ ತಜ್ಞ. ಐರಿಸ್ ಹುಚ್ಚು ಹತ್ತಿದ್ದು ಐವತ್ತು ದಾಟಿದ ಮೇಲೆ. ಮಜಾ ಏನಪ್ಪಾ ಅಂದ್ರೆ, ಗೌಟ್ ರೋಗಿಗಳಿಗೆ ಕೊಡುವ ಕಾಲ್ಚಿಸಿನ್ ಔಷಧವನ್ನೇ ಅವರು ಮೊಳಕೆಗಳಿಗೂ ಉಣಿಸಿದರು. ಜೀವಕೋಶ ಒಡೆಯುವಾಗ ಇಮ್ಮಡಿಯಾದ ಕ್ರೋಮೋಸೋಮುಗಳು ಬೇರೆಯಾಗದಂತೆ ಅದು ತಡೆಯುತ್ತೆ. 28 ಇದ್ದದ್ದು 56 ಆಗುತ್ತೆ. ದಪ್ಪ ಎಸಳು, ಗಟ್ಟಿ ದಂಟು. ಆದರೆ ಅದು ವಿಷ ತಾನೇ, ಎಷ್ಟೋ ಮೊಳಕೆಗಳು ಸತ್ತೇ ಹೋಗುತ್ತವೆ. (ನಮ್ಮ ಮಲೆನಾಡಿನ ಬೇಲಿಗಳಲ್ಲಿ ಬೆಂಕಿಯ ಹಾಗೆ ಅರಳುವ ಅಗ್ನಿಶಿಖೆಯ ಗೆಡ್ಡೆಯಲ್ಲೂ ಇರೋದು ಇದೇ ವಿಷ.) 1970ರ ಹೊತ್ತಿಗೆ ಇಂಥ ಐರಿಸ್‌ಗಳು ಮಾರಾಟಕ್ಕೂ ಬಂದವು.

ಆದರೆ ಅವರಿಗೆ ಹೆಚ್ಚು ಹೆಸರು ತಂದದ್ದು ಔಷಧ ಮುಟ್ಟದ ಗಿಡ! ಅಲ್ಲಿವರೆಗೆ ಈ ಗುಂಪಿನಲ್ಲಿ ಹಳದಿ ಬಂದರೂ ಬೇಗ ಕೆನೆಬಣ್ಣಕ್ಕೆ ತಿರುಗಿಬಿಡುತ್ತಿತ್ತು. ಬರೀ ಬೆರಕೆಯಿಂದ, ತಾಳ್ಮೆಯಿಂದ ಅವರು ಪಡೆದ 'ಬಟರ್ ಅಂಡ್ ಶುಗರ್' ಮಾಸಲಿಲ್ಲ. ಮೇಲಿನ ಎಸಳು ಸಕ್ಕರೆಯಂತೆ ಬಿಳಿ, ಕೆಳಗಿನದು ಬೆಣ್ಣೆ ಹಳದಿ. 1986ರಲ್ಲಿ ಸೈಬೀರಿಯನ್ ಐರಿಸ್‌ಗಳಿಗಾಗಿ ಮಾರ್ಗನ್-ವುಡ್ ಪದಕ ಶುರುವಾದಾಗ ಮೊದಲನೆಯದು ಇದಕ್ಕೇ ಸಿಕ್ಕಿತು. ನನಗಂತೂ ಆ ದಪ್ಪ ಎಸಳಿನವಕ್ಕಿಂತ ಇದೇ ಚೆಂದ. ಸೈಬೀರಿಯನ್ ಐರಿಸ್‌ಗೆ ತೆಳುವೇ ಅಂದ.

ಮೆಕ್‌ಈವನ್ ಮೇಯ್ನ್ ರಾಜ್ಯದ ಕಡಲಂಚಿನ ಸೌತ್ ಹಾರ್ಪ್ಸ್‌ವೆಲ್‌ನಲ್ಲಿ ನೆಲೆಸಿದ್ದರು, 2003ರಲ್ಲಿ ತೀರಿಕೊಂಡಾಗ ವಯಸ್ಸು 101. ಅವರ ಹಳದಿ ಐರಿಸ್ ಇಲ್ಲಿನ ನರ್ಸರಿಗಳಲ್ಲಿ ಈಗಲೂ ಸಿಗುತ್ತೆ. ತಂದು ನೆಡುವವರು ಮೊದಲ ವರ್ಷ ನೀರು ತಪ್ಪಿಸಬೇಡಿ. ಬೇರು ಒಣಗಿದರೆ ಮತ್ತೆ ಹಿಡಿಯೋದು ಕಷ್ಟ.